ನಳಿಕೆ ಬದಲಿಸುವ ದಿನ

ಮೊದಲ ಸಲ ಸೋಸಿದಾಗ ಬಟ್ಟೆಯ ಮೇಲೆ ಉಳಿದ ರಾಗಿ ತರಿಯನ್ನು ಚಿಕ್ಕಗೌರಮ್ಮ ಕೋಳಿಗಳಿಗೆಂದು ತಟ್ಟೆಗೆ ಒದರಿದಳು. ಅದೇ ಪಂಚೆಯ ತುಂಡನ್ನು ಎರಡು ಪದರ ಮಾಡಿ, ಪಾತ್ರೆಯ ಬಾಯಿಗೆ ಹಿಡಿದು, ಗಂಜಿಯನ್ನು ಇನ್ನೊಮ್ಮೆ ಹುಯ್ದಳು. ಎರಡನೇ ಸಲ ಅದು ಇಳಿಯುವುದು ನಿಧಾನ. ಅವಸರಪಟ್ಟು ಹಿಂಡಿದರೆ ತರಿಯೂ ಜೊತೆಗೆ ಬರುತ್ತದೆ. ಗಂಡನ ಮೂಗಿನಿಂದ ಹೊಟ್ಟೆಗೆ ಇಳಿಸಿರುವ ನಳಿಕೆ ಸಣ್ಣದು. ತರಿ ಸಿಕ್ಕಿಕೊಂಡರೆ ಅವತ್ತಿನ ಊಟ ಅಲ್ಲಿಗೇ ನಿಂತಿತು.

"ಮಾತ್ರೆ ಪುಡಿ ಮಾಡ್ದೇನವ್ವಾ?" ನಡುಮನೆಯಿಂದ ಅತ್ತೆ ಪುಟ್ಟಗಂಗಮ್ಮ ಕೂಗಿದಳು.

"ಮಾಡ್ದೆ ಅತ್ತೆ."

"ಫಿಟ್ಸಿಂದು?"

"ಅದೂ ಮಾಡ್ದೆ."

"ಊತದ್ದು?"

"ಎಲ್ಲಾನೂ ಮಾಡಿದೀನಿ. ನೀವು ನೊಣ ಹೊಡೀರಿ ಸಾಕು."

"ಹೊಡೀತಾನೇ ಇದೀನಿ. ನನ್ ಕೈಯೇನು ಫ್ಯಾನಾ?"

ಗೌರಮ್ಮ ಬಟ್ಟೆಯ ತುದಿಯನ್ನು ಬೆರಳಲ್ಲಿ ತಟ್ಟುತ್ತಾ ಕೂತಳು. ಹೊರಗೆ ತೋಟದ ಕಡೆಯಿಂದ ಹಸಿ ಗರಿ ಬೀಳುವ ಸದ್ದು ಬರುತ್ತಿತ್ತು. ಮೊದಲು ಕುಡುಗೋಲಿನ ಏಟು, ಆಮೇಲೆ ಗರಿ ಗಾಳಿಯಲ್ಲಿ ಸರಸರ ಇಳಿದು ನೆಲಕ್ಕೆ ದೊಪ್ಪೆಂದು ಬೀಳುವುದು. ಬೆಳಗಿನಿಂದ ಅದೇ ನಡೆದಿತ್ತು. ಯಾಕೆ ಕಡಿಯುತ್ತಿದ್ದಾರೆಂದು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಕೆಂಚಯ್ಯ ನಡುಮನೆಯಲ್ಲಿ ಹಗ್ಗದ ಮಂಚದ ಮೇಲೆ ಎಡಕ್ಕೆ ಹೊರಳಿ ಮಲಗಿದ್ದ. ಹೊರಳಿಸಿ ಮಲಗಿಸಿದ್ದವಳು ಅವಳೇ. ಕಣ್ಣು ಅರ್ಧ ತೆರೆದಿದ್ದವು, ನೋಡುತ್ತಿರಲಿಲ್ಲ. ಉಸಿರು ಕೆಲವು ಸಲ ನಿಂತಂತಾಗಿ, ಅತ್ತೆಯ ಬೀಸಣಿಗೆಯೂ ಅದರ ಜೊತೆಗೇ ನಿಂತು, ಮತ್ತೆ ಎರಡೂ ಶುರುವಾಗುತ್ತಿದ್ದವು. ತಿಪಟೂರಿನ ಡಾಕ್ಟರು ಹೋದ ಸಲವೇ, "ಇನ್ನು ಮನೇಲೇ ಇರಲಿ, ಬಂದು ನೋಡೋರೆಲ್ಲ ನೋಡ್ಕೊಂಡು ಹೋಗಲಿ" ಅಂದಿದ್ದರು. ನೋಡುವವರು ಬಂದು ಹೋಗಿದ್ದೂ ಆಯಿತು. ಮಾಯಸಂದ್ರಕ್ಕೆ ಕೊಟ್ಟ ಮಗಳು ನಯನ ತುಂಬಿದ ಬಸುರಿ. ಅವಳೂ ಬಂದು ಅಪ್ಪನ ಪಾದ ಹಿಡಿದು ಕೂತು ಹೋಗಿದ್ದಳು.

ತಲೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾದದ್ದು ಹೋದ ವರ್ಷದ ಹಿಂದಿನ ವರ್ಷ, ತೊಂಬತ್ತೇಳರಲ್ಲಿ. ತೋಟಕ್ಕೆ ನೀರು ಕಟ್ಟುತ್ತಿದ್ದವನು ಕಾಲುವೆಯಲ್ಲೇ ಬಿದ್ದು ಒದ್ದಾಡಿದ್ದ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಉಳಿದ ಗಡ್ಡೆ ಸುಡಲು ಕರೆಂಟು ಕೊಟ್ಟಿದ್ದೂ ಆಯಿತು. ಕೂದಲು ಮತ್ತೆ ಬರುವುದರೊಳಗೆ ಗಡ್ಡೆಯೂ ಮತ್ತೆ ಬಂತು. ಇದು ಹಾಗೇ ಬರುವ ಜಾತಿಯದು, ಬೇರು ಎಲ್ಲೆಲ್ಲಿ ಬಿಟ್ಟಿರುತ್ತದೋ ಕತ್ತರಿಗೆ ಸಿಕ್ಕುವುದಿಲ್ಲ ಎಂದರು ಅಲ್ಲಿಯವರು. ಆಗ ಒಬ್ಬ ಡಾಕ್ಟರಮ್ಮ ಇವರಿಬ್ಬರನ್ನೂ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿಕೊಂಡು, ಇನ್ನೂ ಪರೀಕ್ಷೆಯ ಹಂತದಲ್ಲಿರುವ ಒಂದು ಚಿಕಿತ್ಸೆ ಇದೆ ಎಂದು ಹೇಳಿದ್ದಳು. ವಯಸ್ಸು ನಯನಳಿಗಿಂತ ಸ್ವಲ್ಪ ಹೆಚ್ಚಿರಬಹುದು. ಮಾತಾಡುವಾಗ ಕೆಂಚಯ್ಯನ ಮುಖವನ್ನೇ ನೋಡಿ ಮಾತಾಡುತ್ತಿದ್ದಳು. ಅಲ್ಲಿ ಬೇರೆಯವರೆಲ್ಲ ರೋಗಿಯನ್ನು ಬಿಟ್ಟು ಜೊತೆಗೆ ಬಂದವರ ಮುಖ ನೋಡುವುದೇ ಹೆಚ್ಚು.

"ಇನ್ನೊಂದು ಸಲ ಆಪರೇಷನ್ ಮಾಡಿ, ತೆಗೆಯೋಷ್ಟು ಗಡ್ಡೆ ತೆಗೀತೀವಿ. ಉಳಿದಿರೋ ಜಾಗಕ್ಕೆ ಸೂಜೀಲಿ ಒಂದು ವೈರಸ್ ಬಿಡ್ತೀವಿ" ಅಂದಳು.

"ವೈರಸ್ಸು ಅಂದ್ರೆ ಕಾಯಿಲೆ ಅಲ್ವೇನವ್ವಾ?" ಕೆಂಚಯ್ಯ ಕೇಳಿದ.

"ಕಾಯಿಲೆ ಮಾಡೋ ಶಕ್ತೀನ ತೆಗೆದಿರ್ತೀವಿ. ಅದು ಒಂದು ಜೀನ್ ಹೊತ್ಕೊಂಡು ಗಡ್ಡೆಯ ಕೋಶದೊಳಗೆ ಹೋಗುತ್ತೆ. ಹೋದ ಮೇಲೆ ಆ ಕೋಶಕ್ಕೆ ಒಂದು ಹೊಸ ಗುಣ ಬರುತ್ತೆ. ಆಮೇಲೆ ನಾವು ಡ್ರಿಪ್ಪಲ್ಲಿ ಒಂದು ಔಷಧಿ ಕೊಡ್ತೀವಿ. ಬೇರೆ ಕೋಶಗಳಿಗೆ ಅದರಿಂದ ಅಷ್ಟೇನೂ ಆಗಲ್ಲ. ಆ ಗುಣ ಬಂದಿರೋ ಕೋಶದೊಳಗೆ ಮಾತ್ರ ಅದು ವಿಷ ಆಗುತ್ತೆ."

"ಗಡ್ಡೆ ಕೈಲೇ ವಿಷ ಮಾಡ್ಸಿ ಗಡ್ಡೆಗೇ ಕುಡ್ಸೋದು."

"ಹೌದು. ಆದರೆ ವಾಸಿಯಾಗುತ್ತೆ ಅಂತ ನಾನು ಹೇಳ್ತಾ ಇಲ್ಲ. ಇದು ಎಷ್ಟು ಕೆಲಸ ಮಾಡುತ್ತೆ ಅಂತ ನಮಗೇ ಇನ್ನೂ ಗೊತ್ತಿಲ್ಲ."

"ಆ ವೈರಸ್ಸು ಎಲ್ಲೀಗಂಟ ಹೋಗ್ತದೆ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. "ಸೂಜಿ ಚುಚ್ಚಿದ ಸುತ್ತಮುತ್ತ ಹೋಗುತ್ತೆ. ಅದರಾಚೆ ಹೋಯ್ತೋ ಇಲ್ವೋ ಸ್ಕ್ಯಾನಲ್ಲಿ ಕಾಣಲ್ಲ."

"ಮತ್ತೆಂಗೆ ತಿಳ್ಯೋದು?"

ಆಗ ಮಾತ್ರ ಅವಳು ಗೌರಮ್ಮನ ಕಡೆ ನೋಡಿದಳು. "ಮುಂದೆ ಯಾವತ್ತಾದರೂ... ಆದಮೇಲೆ, ಮೆದುಳನ್ನ ತೆಗೆದು ನೋಡಿದರೆ ಗೊತ್ತಾಗುತ್ತೆ. ಐದಾರು ಗಂಟೆಯೊಳಗೆ ನೋಡಬೇಕು. ಅದಕ್ಕೆ ಬಲವಂತ ಇಲ್ಲ. ಒಪ್ಪದೇ ಇದ್ದರೂ ಚಿಕಿತ್ಸೆ ಕೊಟ್ಟೇ ಕೊಡ್ತೀವಿ."

ಕೆಂಚಯ್ಯ ನಕ್ಕ. "ಗರಿ ಇಳ್ಸಿ ನೋಡ್ದಂಗೆ ಬುಡಿ" ಅಂದ.

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಅವನು ತಿಳಿಸಿ ಹೇಳಿದ. ಕೆಲವು ವರ್ಷದ ಹಿಂದೆ ತೆಂಗಿಗೆ ಕಪ್ಪು ತಲೆ ಹುಳ ಬಿದ್ದು ತೋಟಕ್ಕೆ ತೋಟವೇ ಬೆಂಕಿ ತಾಗಿದ ಹಾಗೆ ಒಣಗಿತ್ತು. ತೋಟಗಾರಿಕೆ ಇಲಾಖೆಯವರು ಗಾಜಿನ ಕೊಳವೆಯಲ್ಲಿ ಇರುವೆಯಂಥ ಸಣ್ಣ ರೆಕ್ಕೆಹುಳ ತಂದು ಮರದ ಬುಡದಲ್ಲಿ ಬಿಟ್ಟರು. ಅವು ಹತ್ತಿ ಹೋಗಿ ಆ ಹುಳುವಿನ ಮೈಮೇಲೇ ಮೊಟ್ಟೆಯಿಡುತ್ತವಂತೆ. ಊರವರು ಸರ್ಕಾರದ ಹುಳ ಎಂದು ಆಡಿಕೊಂಡು ನಕ್ಕರು. ತಿಂಗಳು ಬಿಟ್ಟು ಬಂದ ಇಲಾಖೆಯವರು, ಕೆಲಸ ಆಗಿದೆಯೇ ಎಂದು ತಿಳಿಯಬೇಕಾದರೆ ಮೇಲಿನ ಗರಿ ಇಳಿಸಿ ಬಿಡಿಸಿ ನೋಡಬೇಕು ಅಂದರು. ಹಸಿ ಗರಿ ಕಡಿದರೆ ಮರ ನೋಯುತ್ತದೆ, ಮುಂದಿನ ಗೊನೆ ಹೋಗುತ್ತದೆ ಎಂದು ಯಾರೂ ಬಿಡಲಿಲ್ಲ. ಕೆಂಚಯ್ಯ ಬಿಟ್ಟ.

"ನಮ್ಮಣ್ಣ ಅವತ್ತು ಮಚ್ಚು ಹಿಡ್ಕೊಂಡು ಬಂದಿದ್ದ ಕಣ್ರವ್ವ. ಗರಿ ಕಡ್ಯಕ್ಕಲ್ಲ, ನನ್ನ ಕಡ್ಯಕ್ಕೆ."

ಡಾಕ್ಟರಮ್ಮ ಜೋರಾಗಿ ನಕ್ಕು, ತಾನು ನಗಬಾರದಿತ್ತೇನೋ ಎಂಬಂತೆ ನಿಲ್ಲಿಸಿದಳು.

"ಗೌರಿ, ನೀನೇನಂತೀಯೆ?" ಅವನು ಕೇಳಿದ್ದ. ಅವಳು ಏನೂ ಅನ್ನಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳ ಸುಮ್ಮನಿರುವಿಕೆಯನ್ನು ಅವನು ಒಪ್ಪಿಗೆ ಎಂದೇ ತಿಳಿಯುತ್ತಿದ್ದ. ಎಷ್ಟೋ ಸಲ ಅದು ಒಪ್ಪಿಗೆಯಾಗಿರುತ್ತಿರಲಿಲ್ಲ. ಅವತ್ತೂ ಆಗಿರಲಿಲ್ಲ. ಆ ತಲೆಗೆ ವಾರವಾರ ಎಣ್ಣೆ ತಟ್ಟಿದವಳು ಅವಳು. ಒಂದು ಸಲ ಬಿಚ್ಚಿ ಹೊಲಿದದ್ದನ್ನು ನೋಡಿದ್ದಳು, ಇನ್ನೊಂದು ಸಲ ಬಿಚ್ಚುತ್ತಾರೆಂದರೂ ಸಹಿಸಿಕೊಳ್ಳುವಳು. ಆದರೆ ಸತ್ತ ಮೇಲೆ, ಹೊಲಿದರೂ ಮಾಯುವ ಹಾಗಿಲ್ಲದ ಮೇಲೆ?

ಆಪರೇಷನ್ನಿಗೆ ಹಿಂದಿನ ದಿನ ವಾರ್ಡಿನಲ್ಲಿ ಕಿತ್ತಳೆ ಸುಲಿಯುತ್ತಾ ಅವನೇ ಆ ಮಾತು ಎತ್ತಿದ. "ಕೆಲ್ಸ ಮಾಡ್ತೋ ಇಲ್ವೋ ನಂಗಂತೂ ಗೊತ್ತಾಗಲ್ಲ. ನಿಂಗಾದ್ರೂ ಗೊತ್ತಾಗ್ಲಿ ಕಣೇ. ನನ್ ಹಿಂದೆ ಬರೋ ಇನ್ಯಾವನಿಗಾದ್ರೂ ಗೊತ್ತಾಗ್ಲಿ. ಒಪ್ಕೊಂಡಿದೀನಿ, ನೀನು ತಪ್ಪಿಸ್ಬ್ಯಾಡ. ಅಣ್ಣ ಬುಡಕ್ಕಿಲ್ಲ. ಅದಕ್ಕೆ ನಿಂಗೇ ಹೇಳ್ತಿರೋದು."

"ಕಿತ್ತಳೆ ತಿನ್ರಿ ಸುಮ್ನೆ" ಅಂದಿದ್ದಳು ಅವಳು.

ಆಮೇಲೆ ಒಳ್ಳೆಯ ಕಾಲವೂ ಇತ್ತು. ಡಾಕ್ಟರುಗಳು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಇತ್ತು. ಕೋಲು ಹಿಡಿದು ತೋಟ ಸುತ್ತಿದ, ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕಿವಿಗೊಟ್ಟು ಕೇಳಿದ, ನಯನಳ ಮದುವೆಯಲ್ಲಿ ನಿಂತು ಧಾರೆ ಎರೆದ. ಅದು ವೈರಸ್ಸಿನಿಂದಲೋ, ಎರಡನೇ ಆಪರೇಷನ್ನಿನಿಂದಲೋ, ಸುಮ್ಮನೆ ಹಾಗಾಯಿತೋ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಮನೆದೇವರಿಗೆ ಮುಡಿಪು ಕಟ್ಟಿದ್ದರಿಂದ ಎಂದಳು. ಈ ಯುಗಾದಿ ಕಳೆದ ಮೇಲೆ ಮೊದಲು ಮಾತು ತಡವರಿಸಿತು, ಆಮೇಲೆ ಬಲಗೈ ಬಿತ್ತು, ಆಮೇಲೆ ನುಂಗುವುದು ನಿಂತಿತು.

ಗಂಜಿ ಪೂರ್ತಿ ಇಳಿದಿತ್ತು. ಗೌರಮ್ಮ ಅದಕ್ಕೆ ಮಾತ್ರೆಯ ಪುಡಿ ಕಲಸಿ ಆರಲು ಇಟ್ಟು, ತರಿಯ ತಟ್ಟೆ ಹಿಡಿದು ಅಂಗಳಕ್ಕೆ ಹೋದಳು.

ಮರದ ಮೇಲಿದ್ದವನು ಆಗ ತಾನೇ ಇಳಿದು ಬೀಡಿ ಹಚ್ಚುತ್ತಿದ್ದ. ಗರಿಗಳು ಅಂಗಳದ ಪಕ್ಕಕ್ಕೆ ಒಟ್ಟಾಗಿದ್ದವು. ಭಾವ ದೊಡ್ಡರಂಗಯ್ಯ ಅವುಗಳ ಉದ್ದ ನೋಡಿ ನೋಡಿ ಜೋಡಿಸುತ್ತಿದ್ದ. ಚಪ್ಪರಕ್ಕೆ ಗರಿ ಹೆಣೆಯಬೇಕಾದರೆ ಒಂದೇ ಅಳತೆಯವು ಬೇಕು. ಅವಳನ್ನು ಕಂಡು ಅವನು ಸೊಂಟ ನೆಟ್ಟಗೆ ಮಾಡಿದ.

"ನುಸಿ ಹತ್ತೈತೆ ಕಣಮ್ಮ ಮರಕ್ಕೆ. ಅದಕ್ಕೆ ಹಳೆ ಗರಿ ತಗೆಸ್ತಿದೀನಿ" ಅಂದ.

ನುಸಿ ಹತ್ತುವುದು ಕಾಯಿಗೆ, ಗರಿಗಲ್ಲ. ಅವನಿಗೂ ಗೊತ್ತು. ಇವು ಹಳೆ ಗರಿಗಳೂ ಅಲ್ಲ. ಗೌರಮ್ಮ, "ತಗ್ಸಿ ಭಾವ" ಅಂದಳು. ತಮ್ಮ ಇನ್ನೂ ಉಸಿರಾಡುತ್ತಿರುವಾಗಲೇ ಸಾವಿನ ಚಪ್ಪರಕ್ಕೆ ಗರಿ ಕೂಡಿಸುವುದು ಅವನಿಗೂ ಸುಲಭವಾಗಿರಲಿಲ್ಲ. ಒಂದು ಗರಿ ಎತ್ತಿಟ್ಟು ಪ್ರತಿ ಸಲವೂ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

ಹೋದ ವಾರ ಗಿಡ್ಡಯ್ಯನ ಅಂಗಡಿಯ ಫೋನಿಗೆ ಬೆಂಗಳೂರಿನ ಆಸ್ಪತ್ರೆಯಿಂದ ಕರೆ ಬಂದಾಗ ಹೋಗಿ ಮಾತಾಡಿದವನು ದೊಡ್ಡರಂಗಯ್ಯನೇ. ಅವರು ಆರೋಗ್ಯ ವಿಚಾರಿಸಿದರಂತೆ. ಒಪ್ಪಿಕೊಂಡಿದ್ದು ನೆನಪಿದೆಯೇ, ಏನಾದರೂ ಆದರೆ ತಕ್ಷಣ ಫೋನು ಮಾಡಿ, ನಾವೇ ಗಾಡಿ ಕಳಿಸುತ್ತೇವೆ ಎಂದರಂತೆ. ಅವನು ಮನೆಗೆ ಬಂದಾಗ ಮುಖ ಕಪ್ಪಗಾಗಿತ್ತು.

"ತಲೆ ಬಿಚ್ತಾರಂತೆ ಕಣವ್ವ! ಸತ್ ಮೇಲೆ! ನಿನ್ ಮಗನ ತಲೆ ಕುಯ್ದು ಸೀಸೇಲಿಟ್ಕೋತಾರಂತೆ!" ಎಂದು ತಾಯಿಯ ಮುಂದೆ ಕೂಗಿದ್ದ. ಆಮೇಲೆ ಗೌರಮ್ಮನ ಕಡೆ ತಿರುಗಿ, "ನಿಂಗೊತ್ತಿತ್ತೇನಮ್ಮ?" ಎಂದ.

"ಇವ್ರು ಒಪ್ಕೊಂಡಿದ್ರು."

"ಅವನ ತಲೇಲಿ ಗಡ್ಡೆ ಇತ್ತು, ಒಪ್ಕೊಂಡ. ನಮ್ ತಲೇಲಿ ಇಲ್ವಲ್ಲ! ಆ ಗಾಡಿ ಈ ಊರಿಗೆ ಬರ್ಲಿ, ನಾಯಿ ಬುಡ್ತೀನಿ. ನಮ್ಮಪ್ಪನ ಗುಡ್ಡೆ ಪಕ್ಕ ಜಾಗ ಬಿಡ್ಸಿದೀನಿ. ಹೆಂಗ್ ಬಂದಿದ್ನೋ ಹಂಗೇ ಇಡೀ ಮೈ ಮಣ್ಣಿಗೆ ಹೋಗ್ಬೇಕು."

ಪುಟ್ಟಗಂಗಮ್ಮ ಕೂಗಲಿಲ್ಲ, ಅಳಲೂ ಇಲ್ಲ. "ಒಳಗೇ ಹೋಗ್ಲಿ ಕಣಪ್ಪ, ಅಷ್ಟೇ ನಾ ಕೇಳೋದು" ಅಂದಳು.

ಒಳಗೇ ಹೋಗಲಿ ಎಂಬುದರ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವ ತೀರಿಕೊಂಡದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಹೊರಗೆ ಹೋದ ಜೀವದ ಹೆಣವನ್ನು ಹೊಸ್ತಿಲು ದಾಟಿಸಿ ಒಳಗೆ ತರುವ ಪದ್ಧತಿ ಇವರಲ್ಲಿ ಇಲ್ಲ. ತಾನು ಕಟ್ಟಿದ ಮನೆಯ ಮುಂದೆ, ಅಂಗಳದಲ್ಲಿ, ಚಪ್ಪರ ಹಾಕುವುದರೊಳಗೆ ಬಂದ ಮಳೆಯಲ್ಲಿ ಅವನನ್ನು ಮಲಗಿಸಿದ್ದರು. ಪುಟ್ಟಗಂಗಮ್ಮ ಬಾಗಿಲೊಳಗೆ ನಿಂತು, "ಒಂದ್ಸಲ ಒಳಕ್ಕೆ ತರ್ರಪ್ಪ, ನೆನೀತಾವ್ರೆ" ಎಂದು ಕೇಳಿಕೊಂಡಳಂತೆ. ಯಾರೂ ತರಲಿಲ್ಲ. ಈಗಲೂ ರಾತ್ರಿ ಮಳೆ ಬಂದರೆ ಎದ್ದು ಕೂರುತ್ತಾಳೆ. ಗೌರಮ್ಮ ಅದನ್ನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದಾಳೆ.

ಹಾಗಾಗಿ ಭಾವನ ಬೈಗುಳವನ್ನು ತಳ್ಳಿಹಾಕಬಹುದಿತ್ತು, ಅತ್ತೆಯ ಆ ಒಂದು ಮಾತನ್ನು ತಳ್ಳಿಹಾಕಲು ಆಗುತ್ತಿರಲಿಲ್ಲ. ಮನೆಯಲ್ಲೇ ಜೀವ ಹೋದರೆ ಆಸ್ಪತ್ರೆಯ ಗಾಡಿಯನ್ನು ಊರೊಳಗೆ ಬಿಡುವವರಿಲ್ಲ. ಜೀವ ಇರುವಾಗಲೇ ಹೊರಗೆ ಕರೆದುಕೊಂಡು ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಗಂಡನ ಮಾತು ಉಳಿಸಿದರೆ ಅತ್ತೆಯ ಮಾತು ಹೋಯಿತು. ಒಂದು ವಾರದಿಂದ ಗೌರಮ್ಮ ಗಂಜಿ ಸೋಸುವಾಗ, ಬಟ್ಟೆ ಒಗೆಯುವಾಗ, ಗಂಡನ ಮೈ ಒರೆಸುವಾಗ ಇದನ್ನೇ ಮಗುಚಿ ಮಗುಚಿ ನೋಡಿದ್ದಳು. ಜೊತೆಗೆ ಇನ್ನೊಂದು ಇತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಹಿಂದೇಟು. ಅವಳಿಗೂ ಆ ತಲೆಯನ್ನು ಕೊಡಲು ಮನಸ್ಸಿರಲಿಲ್ಲ. ಭಾವನ ಕೂಗಾಟದ ಮರೆಯಲ್ಲಿ ಸುಮ್ಮನಿದ್ದುಬಿಟ್ಟರೆ ತಪ್ಪು ತನ್ನದಾಗುವುದಿಲ್ಲ. ಅಷ್ಟು ಸುಲಭ.

ಕೋಳಿಗಳು ಕಾಲಿಗೆ ಸುತ್ತಿಕೊಂಡವು. ತರಿ ಎರಚಿ, ಅವಳು ಗರಿಗಳ ರಾಶಿಯ ಪಕ್ಕ ಕೂತಳು. ಒಂದು ಗರಿಯ ಎಲೆಯನ್ನು ಸುಮ್ಮನೆ ತಿರುವಿದಳು. ಕೆಳಭಾಗದಲ್ಲಿ ಹುಳು ನೇಯ್ದ ಹೊಟ್ಟಿನಂಥ ಗೂಡು ಉದ್ದಕ್ಕೂ ಅಂಟಿಕೊಂಡಿತ್ತು.

"ಭಾವ, ಹುಳ ಐತೆ ಇಲ್ಲಿ."

"ಅಯ್ಯೋ, ಮತ್ತೆ ಬಂತಾ?" ದೊಡ್ಡರಂಗಯ್ಯ ಗರಿ ಬಿಟ್ಟು ಓಡಿಬಂದ. "ಬಿಡ್ಸು ಬಿಡ್ಸು. ಜೀವ ಐತಾ ನೋಡು."

ಅವಳು ಉಗುರಿನಿಂದ ಗೂಡು ಸೀಳಿದಳು. ಒಳಗಿದ್ದ ಹುಳು ಸತ್ತು ಕಪ್ಪಗೆ ಚರ್ಮವಾಗಿತ್ತು. ಅದರ ಪಕ್ಕದಲ್ಲಿ ಅಕ್ಕಿ ನುಚ್ಚಿನಂಥ ಸಣ್ಣ ಸಣ್ಣ ಗೂಡುಗಳು ಸಾಲಾಗಿ ಕೂತಿದ್ದವು. ಇನ್ನೊಂದು ಎಲೆ ಬಿಡಿಸಿದಳು, ಅಲ್ಲೂ ಹಾಗೇ. ಮೂರನೆಯದರಲ್ಲಿ ಹುಳು ಜೀವಂತವಿತ್ತು, ತಲೆ ಅಲ್ಲಾಡಿಸಿತು.

"ಸರ್ಕಾರದ ಹುಳ ಇನ್ನೂ ಅವೆ ಕಣಮ್ಮ!" ದೊಡ್ಡರಂಗಯ್ಯ ಕುಕ್ಕರುಗಾಲಲ್ಲಿ ಕೂತೇಬಿಟ್ಟ. "ಇಷ್ಟ್ ವರ್ಷ ಆದ್ಮೇಲೂ! ಇನ್ನೂ ಒಂದೆರಡು ಬಿಡ್ಸು ನೋಡಣ. ಎಷ್ಟು ತಿಂದವೆ, ಎಷ್ಟು ಬಿಟ್ಟವೆ." ಅವನೇ ಒಂದು ಗರಿ ಎಳೆದುಕೊಂಡು ಎಲೆ ಎಲೆ ತಿರುವತೊಡಗಿದ. ಇಬ್ಬರೂ ಒಂದೊಂದೇ ಗೂಡು ಸೀಳಿದರು. ಆಮೇಲೆ ಅವನ ಕೈ ನಿಧಾನವಾಯಿತು. "ಕೆಂಚ ನೋಡ್ಬೇಕಿತ್ತು" ಅಂದ. ಎದ್ದು ಮುಖ ತಿರುಗಿಸಿ, ಮರ ಹತ್ತುವವನಿಗೆ ಬೀಡಿ ಸಾಕು ಎಂದು ಗದರಿದ.

ಅಷ್ಟರಲ್ಲಿ ಇಮ್ದಾದ್ ಬಂದ. ಅವನದು ಹಾಲ್ಕುರಿಕೆ ರಸ್ತೆಯ ಕೂಡಿನಲ್ಲಿ ಗ್ಯಾರೇಜು. ಬಾಡಿಗೆಗೆ ಒಂದು ಓಮ್ನಿ ವ್ಯಾನೂ ಇಟ್ಟಿದ್ದ. ಹದಿನೈದು ದಿನಕ್ಕೊಮ್ಮೆ ಕೆಂಚಯ್ಯನ ನಳಿಕೆ ಬದಲಿಸಲು ತಿಪಟೂರಿಗೆ ಕರೆದುಕೊಂಡು ಹೋಗುತ್ತಿದ್ದವನು ಅವನೇ. ನಾಳೆ ಆ ದಿನ.

"ನಾಳೆ ಎಷ್ಟೊತ್ತಿಗೆ ಬರ್ಲಿ ಅಕ್ಕ?"

"ಇನ್ನು ನಳಿಕೆ ಯಾಕಪ್ಪ ಬದಲಾಯ್ಸೋದು" ಅಂದ ದೊಡ್ಡರಂಗಯ್ಯ. "ಇರೋ ನಾಕು ದಿನ ಇದ್ರಲ್ಲೇ ಆಯ್ತದೆ."

"ಕಟ್ಕೊಂಡೈತೆ ಭಾವ" ಅಂದಳು ಗೌರಮ್ಮ. ಕಟ್ಟಿಕೊಂಡಿರಲಿಲ್ಲ. "ಗಂಜಿ ಇಳೀತಿಲ್ಲ. ಹಸ್ಕೊಂಡು ಹೋಗೋದು ಬ್ಯಾಡ."

ಹಸಿದು ಸಾಯುವ ಮಾತು ಕೇಳಿ ದೊಡ್ಡರಂಗಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ. "ನಾನೂ ಬತ್ತಿದ್ದೆ, ನಾಳೆ ಶನಿವಾರ. ಕೊಬ್ಬರಿ ಹರಾಜಿಗೆ ಹೋಗ್ದಿದ್ರೆ ಆಗಲ್ಲ. ಬ್ಯಾಗ ಹೋಗಿ ಬ್ಯಾಗ ಬಂದ್ಬುಡು. ದಾರೀಲಿ ಏನಾರ..."

"ನಾನು ಹುಷಾರಾಗಿ ಓಡಿಸ್ತೀನಿ ರಂಗಣ್ಣ" ಅಂದ ಇಮ್ದಾದ್.

"ನಿನ್ ಗಾಡೀಗೆ ಬ್ರೇಕೇ ಇಲ್ಲ ಕಣ್ಲಾ, ಹುಷಾರು ಎಲ್ಲಿಂದ ಬಂತು?"

"ಬ್ರೇಕ್ ಹಾಕ್ಸಿದೀನಿ. ಹಾರನ್ ಒಂದಿಲ್ಲ."

ಗೌರಮ್ಮ ಅವನ ಜೊತೆ ಗೇಟಿನವರೆಗೆ ನಡೆದಳು. "ಬೆಳಕಾಗ್ತಿದ್ದಂಗೇ ಬಂದ್ಬುಡಪ್ಪ. ಟ್ಯಾಂಕ್ ತುಂಬಿಸ್ಕೊಂಡು ಬಾ."

"ತಿಪಟೂರಿಗೆ ಟ್ಯಾಂಕ್ ಯಾಕಕ್ಕ?"

"ಬ್ಯಾರೆ ಕೆಲ್ಸಾನೂ ಐತೆ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಯ್ತಕ್ಕ ಎಂದು ಸೈಕಲ್ ಹತ್ತಿದ.

ಒಳಗೆ ಬರುವಾಗ ಅವಳು ಹೊಸ್ತಿಲ ಬಳಿ ಸ್ವಲ್ಪ ನಿಂತಳು. ತಿಪಟೂರು ತಲುಪಿದ ಮೇಲೆ ಆಸ್ಪತ್ರೆಯ ಕಡೆ ತಿರುಗಬೇಡ, ತುಮಕೂರಿನ ರಸ್ತೆ ಹಿಡಿದು ನೆಟ್ಟಗೆ ಬೆಂಗಳೂರಿಗೆ ನಡಿ ಎಂದು ಇಮ್ದಾದನಿಗೆ ಹೇಳಬೇಕು. ಅದನ್ನು ಗಾಡಿ ಹೊರಟ ಮೇಲೆ ಹೇಳಿದರೆ ಸಾಕು. ಗುಬ್ಬಿಯಲ್ಲೋ ತುಮಕೂರಿನಲ್ಲೋ ನಿಲ್ಲಿಸಿ ಡಾಕ್ಟರಮ್ಮನಿಗೆ ಫೋನು ಮಾಡಬೇಕು. ದಾರಿಯಲ್ಲೇ ಜೀವ ಹೋಗಿಬಿಟ್ಟರೂ ಗಾಡಿ ಮುಂದಕ್ಕೇ ಹೋಗಬೇಕು. ಆಮೇಲೆ ಕರೆತಂದು ಅಂಗಳದಲ್ಲಿ, ಈ ಗರಿಗಳ ಚಪ್ಪರದ ಕೆಳಗೆ ಮಲಗಿಸುವುದು. ಭಾವ ಬೈಯುತ್ತಾನೆ, ಬೈಯಲಿ. ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಅತ್ತೆ ಏನೂ ಅನ್ನುವುದಿಲ್ಲ, ಮಳೆ ಬಂದಾಗ ಎದ್ದು ಕೂರುತ್ತಾಳೆ. ಆಗ ತಾನೂ ಎದ್ದು ಪಕ್ಕದಲ್ಲಿ ಕೂರಬೇಕು. ಉಳಿದಷ್ಟು ವರ್ಷವೂ.

ಗಂಜಿ ಉಗುರುಬೆಚ್ಚಗಾಗಿತ್ತು. ಅವಳು ದೊಡ್ಡ ಸಿರಿಂಜಿನ ದಂಡವನ್ನು ತೆಗೆದು, ಬರೀ ಕೊಳವೆಯನ್ನು ನಳಿಕೆಯ ತುದಿಗೆ ಸೇರಿಸಿದಳು. ಇಷ್ಟು ದಿನ ಆ ಕೆಲಸವನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ.

"ಅತ್ತೆ, ಬನ್ನಿ. ಇವತ್ತು ನೀವು ಹುಯ್ರಿ."

"ನಂಗೆಲ್ಲಿ ಬತ್ತದವ್ವ? ಕೈ ನಡುಗ್ತದೆ."

"ನಾನು ಕೊಳವೆ ಹಿಡ್ಕೋತೀನಿ. ನೀವು ಲೋಟದಿಂದ ಹುಯ್ರಿ. ಸ್ವಲ್ಪ ಸ್ವಲ್ಪ."

ಪುಟ್ಟಗಂಗಮ್ಮ ಬೀಸಣಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಲೋಟ ಹಿಡಿದಳು. ಮೊದಲ ಗುಟುಕು ಕೊಳವೆಯಲ್ಲಿ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು.

"ಇಳೀತೈತೆ ಕಣೇ" ಅಂದಳು, ಕಣ್ಣರಳಿಸಿ. "ಸಲೀಸಾಗೇ ಇಳೀತೈತಲ್ಲ. ಕಟ್ಕೊಂಡೈತೆ ಅಂತ ಹೊರಗೆ ಹೇಳ್ತಿದ್ದೆ?"

"ಈಗ ಬಿಟ್ಕೊಂತು ಅಂತ ಕಾಣ್ತದೆ" ಅಂದಳು ಗೌರಮ್ಮ. "ಹುಯ್ರಿ ಅತ್ತೆ. ಇನ್ನೂ ಐತೆ."